"ಇವತ್ತು ರಾತ್ರಿ ಎಲ್ಲಿ ಮಲಗ್ತೀರಿ?" ಅಂತ ಕೇಳಿ, ಆಮೇಲೆ ಮಾತ್ರೆ ಬರೆಯಿರಿ

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ವೈದ್ಯೆ. ನಗರದಲ್ಲಿ ಮನೆಯಿಲ್ಲದೆ ಬೀದಿಯಲ್ಲಿ ಮಲಗುವವರಿಗೆ ಚಿಕಿತ್ಸೆ ಕೊಡಬೇಕು ಅಂತ ನಾನು, ಒಬ್ಬ ನರ್ಸ್ ಮತ್ತು ಇಬ್ಬರು ಸ್ನೇಹಿತರು ಸೇರಿ ಯೋಚಿಸುತ್ತಿದ್ದೇವೆ. ತಿಂಗಳಿಗೊಂದು ಉಚಿತ ಶಿಬಿರ ಮಾಡೋಣ ಅಂತಿದ್ದೇವೆ. ಬ್ಯಾಗಿನಲ್ಲಿ ಏನೇನು ಇರಬೇಕು? ನಮ್ಮ ಆಸ್ಪತ್ರೆಗೆ ಬರುವ ಇಂಥವರು ಮಾತ್ರೆ ಪೂರ್ತಿ ತಗೊಳ್ಳುವುದಿಲ್ಲ. ಅಡ್ಮಿಟ್ ಮಾಡಿದರೆ ಎರಡೇ ದಿನಕ್ಕೆ ಹೇಳದೆ ಹೊರಟುಹೋಗುತ್ತಾರೆ. ಅವರಿಗೇ ಬೇಡವಾದರೆ ನಾವೇನು ಮಾಡಬೇಕು? "ಮನೆಯೇ ಇಲ್ಲದವರಿಗೆ ಔಷಧಿ ಕೊಟ್ಟು ಏನು ಪ್ರಯೋಜನ?" ಅಂತ ಹಿರಿಯ ವೈದ್ಯರೊಬ್ಬರು ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ:

ಮೊದಲು ಶಿಬಿರದ ವಿಷಯ. ಅದನ್ನು ಬಿಟ್ಟುಬಿಡಿ. ಶಿಬಿರದಲ್ಲಿ ಏನಾಗುತ್ತದೆ ನೋಡಿ. ಒಬ್ಬರ ಬಿಪಿ 180 ಇದೆ ಅಂತ ಗೊತ್ತಾಗುತ್ತದೆ. ಐದು ದಿನದ ಮಾತ್ರೆ ಕೊಟ್ಟು ಕಳಿಸುತ್ತೀರಿ. ಆರನೇ ದಿನ ಅವರ ಹತ್ತಿರ ಮಾತ್ರೆಯೂ ಇಲ್ಲ, ನೀವೂ ಇಲ್ಲ. ಉಳಿಯುವುದು ಒಂದು ಹೊಸ ಹೆದರಿಕೆ ಮಾತ್ರ. ಅದರ ಬದಲು ವಾರಕ್ಕೊಂದು ಸಂಜೆ ಇಟ್ಟುಕೊಳ್ಳಿ. ಅದೇ ದಿನ, ಅದೇ ಹೊತ್ತು, ಅದೇ ಮೂರ್ನಾಲ್ಕು ಜಾಗ. ಮಳೆ ಬಂದರೂ ಹೋಗಿ, ರಜೆ ಇದ್ದರೂ ಹೋಗಿ. ಬಂದು ಹೋಗುವವರನ್ನು ಈ ಜನ ಬೇಕಾದಷ್ಟು ನೋಡಿದ್ದಾರೆ. ಫೋಟೊ ತೆಗೆದವರು, ಕಂಬಳಿ ಹಂಚಿದವರು, ಹೆಸರು ಬರೆದುಕೊಂಡು ಹೋದವರು. ಎರಡನೇ ಸಲ ಬಂದವರು ಕಡಿಮೆ. ನೀವು ಸತತವಾಗಿ ಒಂದೆರಡು ತಿಂಗಳು ಬಂದರೆ, ಅಲ್ಲಿಯವರೆಗೆ ಮುಖ ತಿರುಗಿಸುತ್ತಿದ್ದವರೇ "ಇದೊಂದು ಸ್ವಲ್ಪ ನೋಡಿ" ಅಂತ ಪ್ಯಾಂಟು ಮೇಲೆತ್ತಿ ಕಾಲು ತೋರಿಸುತ್ತಾರೆ.

ಕಾಲು ಅಂದೆ. ಅಲ್ಲಿಂದಲೇ ಶುರು ಮಾಡಿ. 1985ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಮನೆಯಿಲ್ಲದವರಿಗಾಗಿಯೇ ಒಂದು ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಜಿಮ್ ಓಕಾನೆಲ್ ಎಂಬ ಯುವ ವೈದ್ಯರು ಒಂದು ವರ್ಷದ ಮಟ್ಟಿಗೆ ಅಂತ ಸೇರಿಕೊಂಡರು. ಅಲ್ಲಿನ ಪೈನ್ ಸ್ಟ್ರೀಟ್ ಇನ್ ಎಂಬ ತಂಗುದಾಣದ ಕ್ಲಿನಿಕ್ ನಡೆಸುತ್ತಿದ್ದವರು ನರ್ಸ್‌ಗಳು. ಅವರಲ್ಲೊಬ್ಬರಾದ ಬಾರ್ಬರಾ ಮೆಕಿನ್ನಿಸ್ ಈ ಹೊಸ ಡಾಕ್ಟರಿಗೆ ಮೊದಲು ಕೊಟ್ಟ ಕೆಲಸ, ಬಂದವರ ಕಾಲನ್ನು ನೀರಿನಲ್ಲಿ ನೆನೆಸಿ ತೊಳೆಯುವುದು. ಸ್ಟೆತಾಸ್ಕೋಪ್ ಪಕ್ಕಕ್ಕಿಡಿ ಅಂದರು. ಓಕಾನೆಲ್ ಒಂದು ವರ್ಷಕ್ಕೆ ಹೋಗಲಿಲ್ಲ, ದಶಕಗಟ್ಟಲೆ ಅಲ್ಲೇ ಉಳಿದರು.

ಕಾಲು ತೊಳೆಯುವುದು ಬರೀ ವಿನಯ ತೋರಿಸಲಿಕ್ಕೆ ಅಂದುಕೊಳ್ಳಬೇಡಿ. ಅದರಲ್ಲಿ ಒಳ್ಳೆಯ ವೈದ್ಯಕೀಯ ಇದೆ. ಡಾಕ್ಟರು ಕೆಳಗೆ ಕೂರುತ್ತಾರೆ, ರೋಗಿ ಮೇಲೆ ಕೂರುತ್ತಾರೆ. ಯಾರೂ ಮುಟ್ಟದ ದೇಹವನ್ನು ಒಬ್ಬರು ಮುಟ್ಟುತ್ತಾರೆ. ಹತ್ತು ಹದಿನೈದು ನಿಮಿಷ ಇಬ್ಬರಿಗೂ ಅವಸರವಿಲ್ಲ, ಮಾತು ತಾನಾಗಿ ಬರುತ್ತದೆ. ಜೊತೆಗೆ ಆ ಕಾಲೇ ನಿಮಗೆ ಅರ್ಧ ಕಥೆ ಹೇಳುತ್ತದೆ. ಸ್ಪರ್ಶ ತಿಳಿಯದ ಬೆರಳು ಶುಗರ್ ಇರಬಹುದು ಅನ್ನುತ್ತದೆ. ಒತ್ತಿದರೆ ಗುಳಿ ಬೀಳುವ ಊತ ಹೃದಯ, ಲಿವರ್, ಕಿಡ್ನಿ ನೋಡಿ ಅನ್ನುತ್ತದೆ. ಅಥವಾ ಈ ಮನುಷ್ಯ ರಾತ್ರಿಯೆಲ್ಲಾ ಕೂತೇ ನಿದ್ದೆ ಮಾಡುತ್ತಾರೆ ಅನ್ನುತ್ತದೆ. ಇದು ಆಸ್ಪತ್ರೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಕಾಲು ಚಾಚಿ ಮಲಗಲು ಜಾಗವಿಲ್ಲದವರು, ಮಲಗಿದರೆ ಎಬ್ಬಿಸಿ ಓಡಿಸುತ್ತಾರೆ ಅಂತ ಹೆದರುವವರು ಬೆಂಚಿನ ಮೇಲೆ ಕೂತೇ ಬೆಳಗು ಮಾಡುತ್ತಾರೆ. ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ಚರ್ಮ ಕಪ್ಪಾಗಿ ಗಟ್ಟಿಯಾಗುತ್ತದೆ, ಆಮೇಲೆ ಸಣ್ಣ ತರಚು ಗಾಯವೂ ವಾಸಿಯಾಗದ ಹುಣ್ಣಾಗುತ್ತದೆ. ಕಳ್ಳತನದ ಭಯಕ್ಕೆ ಶೂ ಬಿಚ್ಚುವುದೇ ಇಲ್ಲ. ಒದ್ದೆ ಸಾಕ್ಸು ದಿನಗಟ್ಟಲೆ ಕಾಲಿನಲ್ಲೇ ಇದ್ದರೆ ಪಾದ ಬಿಳಿಚಿ, ಮರಗಟ್ಟಿ, ಆಮೇಲೆ ಉರಿಯಲು ಶುರುವಾಗುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರಿಗೆ ಆಗುತ್ತಿದ್ದದ್ದು ಇದೇ. ಇದಕ್ಕೆ ಬೇಕಾದ ಚಿಕಿತ್ಸೆ ಒಣಗಿದ ಸಾಕ್ಸು, ಒಣಗಿದ ಜಾಗ. ನಿಮ್ಮ ಬ್ಯಾಗಿನಲ್ಲಿ ಆಂಟಿಬಯಾಟಿಕ್‌ಗಿಂತ ಜಾಸ್ತಿ ಸಾಕ್ಸು ಇರಲಿ.

ಇನ್ನು ಉಳಿದ ಬ್ಯಾಗು. ಗಾಯ ತೊಳೆಯಲು ಸಲೈನ್ ಬಾಟಲಿಗಳು, ಗಾಯಕ್ಕೆ ಅಂಟದ ಗಾಜ್, ಬ್ಯಾಂಡೇಜ್, ಟೇಪು, ಕೈಗವಸು. ದಿನಾ ಬದಲಿಸಬೇಕಾದ ಡ್ರೆಸಿಂಗ್ ಬೇಡ. ನಿಮ್ಮ ಮುಂದಿನ ಭೇಟಿಯ ತನಕವೋ, ಕನಿಷ್ಠ ಮೂರ್ನಾಲ್ಕು ದಿನವೋ ತಡೆಯುವಂಥದ್ದು ಬೇಕು. ಹೆಚ್ಚುವರಿ ಗಾಜ್ ಕೊಟ್ಟು, ಪಕ್ಕದಲ್ಲಿ ಮಲಗುವ ಗೆಳೆಯರಿಗೂ ಕಟ್ಟುವುದನ್ನು ತೋರಿಸಿಕೊಡಿ. ಬಿಪಿ ಯಂತ್ರ, ಗ್ಲುಕೋಮೀಟರ್, ಥರ್ಮಾಮೀಟರ್, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಒಳ್ಳೆಯ ಟಾರ್ಚ್. ಉಸಿರಾಟಕ್ಕೆ ಇನ್ಹೇಲರ್ ಮತ್ತು ಸ್ಪೇಸರ್. ಸಕ್ಕರೆ ಅಥವಾ ಗ್ಲುಕೋಸ್. ಓದುವ ಕನ್ನಡಕ ನಾಲ್ಕೈದು ಪವರ್‌ನಲ್ಲಿ ಇಟ್ಟುಕೊಳ್ಳಿ, ಅದರಿಂದ ಸಿಗುವ ಸಂತೋಷ ಯಾವ ಮಾತ್ರೆಯಿಂದಲೂ ಸಿಗುವುದಿಲ್ಲ. ನಿಮ್ಮ ಊರಲ್ಲಿ ಹೆರಾಯಿನ್, ಫೆಂಟನಿಲ್ ತರಹದ ಮಾದಕ ವಸ್ತುಗಳ ಬಳಕೆ ಇದ್ದರೆ ಅವು ಮಿತಿಮೀರಿ ಉಸಿರು ನಿಲ್ಲುವಾಗ ಅದನ್ನು ಮರಳಿಸುವ ಔಷಧಿ ನಲಾಕ್ಸೋನ್ ಇಲ್ಲದೆ ಹೊರಡಬೇಡಿ. ಅದನ್ನು ಜೊತೆಗಿರುವವರ ಕೈಗೂ ಕೊಟ್ಟು ಬಳಸುವುದನ್ನು ಕಲಿಸಿ. ಸೂಜಿಮೊನೆಯಷ್ಟಾದ ಕಣ್ಣಪಾಪೆ, ನಿಧಾನವಾಗುತ್ತಿರುವ ಉಸಿರು ಕಂಡಾಗ ಪಕ್ಕದಲ್ಲಿ ಇರುವವರು ನೀವಾಗಿರುವುದಿಲ್ಲ, ಅವರೇ ಆಗಿರುತ್ತಾರೆ. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆ ಬ್ಯಾಗಿನಲ್ಲಿ ಇಡಬೇಡಿ. ನಿಮ್ಮ ಸುರಕ್ಷತೆಗೂ ಅದು ಒಳ್ಳೆಯದಲ್ಲ. ಬೀದಿಯಲ್ಲಿ ಗಾಢ ನಿದ್ದೆ ಹೋದವರ ಚೀಲ, ಮೈ ಎರಡೂ ಅಪಾಯದಲ್ಲಿರುತ್ತವೆ.

ನಾಲ್ವರೇ ಹೋಗಬೇಡಿ. ಬೀದಿಯಲ್ಲಿ ಬದುಕಿ ಬಂದ ಒಬ್ಬರು ತಂಡದಲ್ಲಿ ಇರಲೇಬೇಕು, ಮತ್ತು ಅವರಿಗೆ ಸಂಬಳ ಇರಬೇಕು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಜಿಮ್ ವಿದರ್ಸ್ ಎಂಬ ವೈದ್ಯರು 1992ರಲ್ಲಿ ರಾತ್ರಿ ಹೊತ್ತು ಸೇತುವೆಗಳ ಕೆಳಗೆ ಹೋಗತೊಡಗಿದಾಗ ದಾರಿ ತೋರಿಸಿದ್ದು ಹಿಂದೆ ಬೀದಿಯಲ್ಲೇ ಇದ್ದ ಒಬ್ಬರು. ಡಾಕ್ಟರ ಹಾಗೆ ವೇಷ ಹಾಕಬಾರದು ಅನ್ನುವುದು ದಾರಿ ತೋರಿಸಿದವರ ಷರತ್ತಾಗಿತ್ತು. ಇವತ್ತು ಅನೇಕ ದೇಶಗಳಲ್ಲಿ ನಡೆಯುವ ಬೀದಿ ವೈದ್ಯಕೀಯಕ್ಕೆ ಆ ನಡಿಗೆಗಳೇ ಒಂದು ಮುಖ್ಯ ಮೂಲ. ಯಾರು ಯಾರ ಹತ್ತಿರ ಮಲಗುತ್ತಾರೆ, ಯಾರನ್ನು ಯಾವ ಹೊತ್ತಿಗೆ ಮಾತಾಡಿಸಬಾರದು, ಯಾರು ನಾಲ್ಕು ದಿನದಿಂದ ಕಾಣಿಸಿಲ್ಲ, ಇವೆಲ್ಲ ಅಂಥವರಿಗೆ ಮಾತ್ರ ಗೊತ್ತಾಗುತ್ತದೆ. ಮಲಗಿದವರನ್ನು ಮುಟ್ಟಿ ಎಬ್ಬಿಸಬೇಡಿ. ಕಾಲಿನ ಕಡೆ ಎರಡು ಹೆಜ್ಜೆ ದೂರ ನಿಂತು, ನಿಮ್ಮ ಹೆಸರು ಹೇಳಿ, ಬಗ್ಗಿ ಕೂತು ಮಾತಾಡಿಸಿ. ಅವರು ಹಾಸಿದ ರಟ್ಟು ಅವರ ಮನೆ. ಕೇಳದೆ ಅದರ ಮೇಲೆ ಕಾಲಿಡಬಾರದು. ಫೋಟೊ ಬೇಡವೇ ಬೇಡ, ದಾನಿಗಳು ಕೇಳಿದರೂ ಬೇಡ.

ಈಗ ನಿಮ್ಮ ಮುಖ್ಯ ದೂರಿಗೆ ಬರುತ್ತೇನೆ. ಮಾತ್ರೆ ಪೂರ್ತಿ ತಗೊಳ್ಳುವುದಿಲ್ಲ ಅಂತೀರಿ. ಯಾವ ಮಾತ್ರೆ ಕೊಟ್ಟಿದ್ದಿರಿ? ಔಷಧಿ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿ: ಇವತ್ತು ರಾತ್ರಿ ಎಲ್ಲಿ ಮಲಗ್ತೀರಿ? ಆ ಒಂದು ಉತ್ತರದ ಮೇಲೆ ನಿಮ್ಮ ಚೀಟಿ ಪೂರ್ತಿ ಬದಲಾಗಬೇಕು. ಜೊತೆಗೆ ಇನ್ನೂ ಕೆಲವು: ಶೌಚಾಲಯ ಎಲ್ಲಿದೆ, ರಾತ್ರಿ ತೆರೆದಿರುತ್ತದಾ? ಊಟ ದಿನಕ್ಕೆ ಎಷ್ಟು ಸಲ, ಯಾವಾಗ? ನೀರು? ಸಾಮಾನು ಎಲ್ಲಿಡುತ್ತೀರಿ?

ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಪಠ್ಯಪುಸ್ತಕದ ಪ್ರಕಾರ ಒಳ್ಳೆಯ ಆಯ್ಕೆ. ಆದರೆ ಶೌಚಾಲಯವಿಲ್ಲದ ಹೆಂಗಸಿಗೆ ಅದು ಶಿಕ್ಷೆ. ಆಕೆ ಎರಡು ದಿನಕ್ಕೆ ಅದನ್ನು ಎಸೆಯುತ್ತಾರೆ, ಸರಿಯಾಗಿಯೇ ಎಸೆಯುತ್ತಾರೆ. ಕ್ಲೋನಿಡಿನ್ ಕೊಟ್ಟರೆ, ಎರಡು ದಿನ ತಪ್ಪಿದಾಗ ಬಿಪಿ ಮೊದಲಿಗಿಂತ ಮೇಲೆ ಚಿಮ್ಮಬಹುದು. ಅಮ್ಲೋಡಿಪಿನ್ ದೇಹದಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ, ಒಂದು ದಿನ ಮರೆತರೂ ಕೈಬಿಡುವುದಿಲ್ಲ. ಹಾಗಾಗಿ ಬೀದಿಗೆ ಅದು ಹೊಂದುತ್ತದೆ. ಆದರೆ ಅದು ಕಾಲು ಊದಿಸಬಹುದು, ಕೂತೇ ಮಲಗುವವರಿಗೆ ಮೊದಲೇ ಊದಿದ ಕಾಲು. ಹೀಗೆ ಒಂದೊಂದನ್ನೂ ತೂಗಿ ನೋಡಬೇಕು. ಒಟ್ಟಾರೆ ನಿಯಮ ಅಂದರೆ ದಿನಕ್ಕೊಂದೇ ಸಲ, ಫ್ರಿಜ್ ಬೇಡದ್ದು, ತಪ್ಪಿದರೆ ಅಪಾಯ ಮಾಡದ್ದು, ಕದಿಯಲು ಬೆಲೆ ಇಲ್ಲದ್ದು.

ಶುಗರ್ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ತಗೊಂಡು ರಾತ್ರಿ ಊಟ ಸಿಗದಿದ್ದರೆ ಶುಗರ್ ಕುಸಿಯುತ್ತದೆ. ಬೆವರುತ್ತಾ, ತೊದಲುತ್ತಾ, ತೂರಾಡುತ್ತಾ ಬೀಳುವ ಮನುಷ್ಯನನ್ನು ದಾರಿಹೋಕರು ಏನಂತಾರೆ? ಕುಡಿದಿದ್ದಾನೆ ಅಂತಾರೆ. ಪೊಲೀಸರೂ ಹಾಗೇ ಅಂತಾರೆ, ಕೆಲವೊಮ್ಮೆ ತುರ್ತು ವಿಭಾಗದಲ್ಲೂ ಹಾಗೇ ಅಂತಾರೆ. ಬೆಳಗ್ಗೆ ಹೊತ್ತಿಗೆ ಅವರು ಬದುಕಿರದಿರಬಹುದು. ಬೀದಿಯಲ್ಲಿ ಅಮಲೇರಿದಂತೆ ಕಾಣುವ ಪ್ರತಿಯೊಬ್ಬರ ಬೆರಳು ಚುಚ್ಚಿ ಶುಗರ್ ನೋಡಿ. ಕುಡಿದ ವಾಸನೆ ಬರುತ್ತಿದ್ದರೂ ನೋಡಿ. ಮೆಟ್‌ಫಾರ್ಮಿನ್ ಸುರಕ್ಷಿತ. ಆದರೆ ಹೊಟ್ಟೆ ಕೆಡಿಸಬಹುದಾದ್ದರಿಂದ ಸಣ್ಣ ಪ್ರಮಾಣದಿಂದ, ನಿಧಾನವಾಗಿ ಕರಗುವ ಮಾತ್ರೆಯಿಂದ ಶುರು ಮಾಡಿ. ಜಾಸ್ತಿ ಕುಡಿಯುವವರಲ್ಲಿ, ಕಿಡ್ನಿ ದುರ್ಬಲವಾದವರಲ್ಲಿ ಅದಕ್ಕೂ ಯೋಚಿಸಬೇಕು. ಇನ್ಸುಲಿನ್ ಬೇಕೇಬೇಕಾದವರಿಗೆ ಫ್ರಿಜ್ ಇಲ್ಲ ಅಂತ ನಿಲ್ಲಿಸಬೇಡಿ. ಬಳಸಲು ಶುರು ಮಾಡಿದ ಹೆಚ್ಚಿನ ಇನ್ಸುಲಿನ್‌ಗಳು 30 ಡಿಗ್ರಿ ಸೆಲ್ಸಿಯಸ್ ಒಳಗೆ ಸುಮಾರು 28 ದಿನ ಇರುತ್ತವೆ. ತಂಗುದಾಣದಲ್ಲೋ, ಪರಿಚಯದ ಔಷಧಿ ಅಂಗಡಿಯಲ್ಲೋ ಇಡಲು ವ್ಯವಸ್ಥೆ ಮಾಡಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 7ಕ್ಕೆ ಇಳಿಸಲೇಬೇಕು ಅಂತ ಹಟ ಬೇಡ. ಊಟದ ಭರವಸೆ ಇಲ್ಲದವರಿಗೆ 8ರ ಆಸುಪಾಸು ಇದ್ದರೆ ಅದೇ ಒಳ್ಳೆಯ ಕೆಲಸ.

ಕಜ್ಜಿ ನೋಡಿ. ಪರ್ಮೆತ್ರಿನ್ ಕ್ರೀಮನ್ನು ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಸ್ನಾನ ಮಾಡಿ, ಬಟ್ಟೆ ಹಾಸಿಗೆಯೆಲ್ಲ ಬಿಸಿನೀರಿನಲ್ಲಿ ಒಗೆಯಿರಿ ಅಂತ ಹೇಳುತ್ತೇವೆ. ಬೀದಿಯಲ್ಲಿ ಇದರಲ್ಲಿ ಒಂದಾದರೂ ಸಾಧ್ಯವಾ? ಅಂಥವರಿಗೆ ಐವರ್‌ಮೆಕ್ಟಿನ್ ಮಾತ್ರೆ ಸೂಕ್ತ. ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ ಒಂದು ಸಲ, ಒಂದೆರಡು ವಾರ ಬಿಟ್ಟು ಇನ್ನೊಂದು ಸಲ. ಗರ್ಭಿಣಿಯರಿಗೆ ಮತ್ತು 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಬೇಡ. ನಿಮ್ಮ ಎದುರೇ ನುಂಗಿಸಿ. ಜೊತೆಯಲ್ಲಿ ಮಲಗುವವರಿಗೂ ಅದೇ ದಿನ ಕೊಡಿ, ಹೊಸ ಬಟ್ಟೆ ಕೊಡಿ. ಹಳೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನಕ್ಕಿಂತ ಜಾಸ್ತಿ ಇಟ್ಟರೆ ಅದರಲ್ಲಿನ ಹುಳ ಸಾಯುತ್ತವೆ. ಮೈ ಹೇನು ಬೇರೆ. ಅದು ಬಟ್ಟೆಯ ಹೊಲಿಗೆಯಲ್ಲಿ ಮನೆ ಮಾಡುತ್ತದೆ, ಹಸಿವಾದಾಗ ಮಾತ್ರ ಮೈಗೆ ಬರುತ್ತದೆ. ಶರ್ಟಿನ ಹೊಲಿಗೆ ತಿರುಗಿಸಿ ನೋಡಿ, ಸಿಗುತ್ತದೆ. ಸ್ನಾನ ಮತ್ತು ಬೇರೆ ಬಟ್ಟೆ ಸಿಕ್ಕರೆ ಅದು ಹೋಗುತ್ತದೆ. ಇದನ್ನು ಹಗುರಾಗಿ ತಗೊಳ್ಳಬೇಡಿ. ಮಹಾಯುದ್ಧದ ಕಾಲದ ಟ್ರೆಂಚ್ ಜ್ವರ, ಅಂದರೆ ಬಾರ್ಟೊನೆಲ್ಲಾ ಕ್ವಿಂಟಾನಾ ಎಂಬ ಬ್ಯಾಕ್ಟೀರಿಯಾದ ಸೋಂಕು, ಹರಡುವುದು ಈ ಹೇನಿನಿಂದ. 1990ರ ದಶಕದಲ್ಲಿ ಅಮೆರಿಕದ ಸಿಯಾಟಲ್ ಮತ್ತು ಫ್ರಾನ್ಸಿನ ಮಾರ್ಸೆ ನಗರಗಳ ಬೀದಿಗಳಲ್ಲಿ ಇದ್ದವರಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಹೃದಯದ ಕವಾಟಕ್ಕೆ ಹತ್ತುವ ಸೋಂಕು ಅದು. ವಾರಗಟ್ಟಲೆ ಜ್ವರ ಇದ್ದು ಮಾಮೂಲಿ ಬ್ಲಡ್ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಈ ಹೆಸರು ನೆನಪಿರಲಿ.

ಬಿಸಿಲು, ಚಳಿ ಎರಡರ ಬಗ್ಗೆ ಒಂದು ಮಾತು. ಮನೋರೋಗಕ್ಕೆ ಕೊಡುವ ಹಲವು ಮಾತ್ರೆಗಳು ಬೆವರುವುದನ್ನು ಕಡಿಮೆ ಮಾಡುತ್ತವೆ. ಲಿಥಿಯಂ ತಗೊಳ್ಳುವವರು ನೀರಿಲ್ಲದೆ ಬಿಸಿಲಿನಲ್ಲಿ ಇದ್ದರೆ ರಕ್ತದಲ್ಲಿ ಅದರ ಮಟ್ಟ ವಿಷದಷ್ಟಾಗಬಹುದು. ಬೇಸಿಗೆ ಶುರುವಾಗುವ ಮೊದಲೇ ಅಂಥವರ ಪಟ್ಟಿ ಮಾಡಿ. ಚಳಿಯಲ್ಲಿ ಹೊದಿಕೆಯಷ್ಟೇ ಮುಖ್ಯವಾದದ್ದು ಕೆಳಗಿನ ಹಾಸು. ನೆಲ ಮೈಯ ಶಾಖವನ್ನು ಹೀರುತ್ತದೆ. ಕುಡಿದರೆ ಬೆಚ್ಚಗಾದಂತೆ ಅನ್ನಿಸುತ್ತದೆ, ನಿಜವಾಗಿ ಚರ್ಮದ ರಕ್ತನಾಳ ಅಗಲವಾಗಿ ಮೈಯ ಬಿಸಿ ಇನ್ನೂ ಬೇಗ ಹೊರಗೆ ಹೋಗುತ್ತದೆ.

ಎರಡೇ ದಿನಕ್ಕೆ ಹೊರಟುಹೋಗುತ್ತಾರೆ ಅಂದಿರಿ. ಎರಡೇ ದಿನಕ್ಕೆ ಯಾಕೆ ಅಂತ ಯೋಚಿಸಿದ್ದೀರಾ? ದಿನಾ ಕುಡಿಯುವವರು ಕುಡಿತ ನಿಂತ ಆರೇಳು ಗಂಟೆಯಲ್ಲಿ ನಡುಗಲು ಶುರು ಮಾಡುತ್ತಾರೆ. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಭ್ರಮೆ, ಗಾಬರಿ, ಬೆವರು ಎಲ್ಲ ಸೇರಿದ ಸನ್ನಿ ಬರಬಹುದು. ಅದು ಜೀವ ತೆಗೆಯುವಂಥದ್ದು. ಅಂದರೆ ನಿಮ್ಮ ವಾರ್ಡಿನಿಂದ ಎದ್ದು ಹೋದ ಮನುಷ್ಯ ಚಿಕಿತ್ಸೆ ಬೇಡ ಅಂತ ಹೋಗಿಲ್ಲ. ಮೈ ಒಳಗಿನ ನಡುಕ ತಾಳಲಾರದೆ ಹೋಗಿದ್ದಾರೆ. ಅಡ್ಮಿಟ್ ಮಾಡಿದ ಮೊದಲ ಗಂಟೆಯಲ್ಲೇ ಕೊನೆಯ ಸಲ ಕುಡಿದದ್ದು ಯಾವಾಗ ಅಂತ ಕೇಳಿ, ಈ ನಡುಕ, ಫಿಟ್ಸ್ ತಡೆಯುವ ಔಷಧಿಯನ್ನು ಮುಂಚಿತವಾಗಿಯೇ ಶುರು ಮಾಡಿ. ಥಯಾಮಿನ್ (ವಿಟಮಿನ್ ಬಿ1) ಕೊಡಿ, ಗ್ಲುಕೋಸ್ ಹಾಕುವುದಿದ್ದರೆ ಅದಕ್ಕೆ ಮೊದಲೋ ಜೊತೆಯಲ್ಲೋ ಕೊಡಿ. ಒಪಿಯಾಯ್ಡ್ (ಹೆರಾಯಿನ್ ತರಹದ್ದು) ಬಳಸುವವರಿಗೆ, ಅದು ನಿಂತಾಗಿನ ನರಳಾಟ ತಡೆಯಲು ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್. ಬೀಡಿ ಸಿಗರೇಟು ಸೇದುವವರಿಗೆ ನಿಕೋಟಿನ್ ಪ್ಯಾಚ್. ಇದೇ ಕಾರಣಕ್ಕೆ ಬೀದಿಯಲ್ಲಿ ಯಾರಿಗೂ "ಇವತ್ತಿಂದ ಕುಡಿಯೋದು ನಿಲ್ಲಿಸಿ" ಅಂತ ಹೇಳಬೇಡಿ. ಒಳ್ಳೆಯ ಮಾತು ಹೌದು, ಆದರೆ ಯಾರ ನಿಗಾ ಇಲ್ಲದೆ ನಿಲ್ಲಿಸಿದರೆ ಸಾಯಬಹುದು.

ಇನ್ನೂ ಕಾರಣಗಳಿವೆ. ಹೊರಗೆ ಬಿಟ್ಟು ಬಂದ ಚೀಲದಲ್ಲಿ ಅವರ ಎಲ್ಲ ಕಾಗದಪತ್ರ ಇದೆ. ನಾಯಿಗೆ ಅನ್ನ ಹಾಕುವವರಿಲ್ಲ. ಮಲಗುವ ಜಾಗವನ್ನು ಬೇರೆಯವರು ಹಿಡಿದುಬಿಡುತ್ತಾರೆ. ಅವರ ಮೈ ವಾಸನೆಗೆ ಯಾರೋ ಮೂಗು ಮುಚ್ಚಿಕೊಂಡದ್ದನ್ನು ಅವರು ನೋಡಿದ್ದಾರೆ. ಅಡ್ಮಿಟ್ ಮಾಡುವಾಗಲೇ ನೇರವಾಗಿ ಕೇಳಿ: "ಇಲ್ಲಿ ನಾಲ್ಕು ದಿನ ಇರಬೇಕಾದರೆ ನಿಮಗೆ ಏನು ತೊಂದರೆ?" ಉತ್ತರದಲ್ಲಿ ಬಂದದ್ದನ್ನು ರೋಗದಷ್ಟೇ ಗಂಭೀರವಾಗಿ ತಗೊಳ್ಳಿ. ಚೀಲ ತರಿಸಿ, ಬೀಗ ಇರುವ ಕಪಾಟು ಕೊಡಿಸಿ. ಹೊರಟೇಬಿಟ್ಟರೂ ಔಷಧಿ ಕೊಟ್ಟೇ ಕಳಿಸಿ, ಬಾಗಿಲು ತೆರೆದೇ ಇದೆ ಅಂತ ಹೇಳಿ ಕಳಿಸಿ.

ಡಿಸ್ಚಾರ್ಜ್ ಇದಕ್ಕಿಂತ ದೊಡ್ಡ ಕಂದರ. "ಕಾಲು ಎತ್ತರದಲ್ಲಿಟ್ಟು ಒಂದು ವಾರ ವಿಶ್ರಾಂತಿ" ಅಂತ ಬರೆದು ಫುಟ್‌ಪಾತಿಗೆ ಕಳಿಸುತ್ತೇವೆ. ಆಸ್ಪತ್ರೆಯಲ್ಲಿ ಇರುವಷ್ಟು ಕಾಯಿಲೆ ಇಲ್ಲ, ಬೀದಿಯಲ್ಲಿ ಇರುವಷ್ಟು ಆರೋಗ್ಯವೂ ಇಲ್ಲ. ಈ ನಡುವಿನವರಿಗಾಗಿ ಬಾಸ್ಟನ್ ತಂಡ ಚೇತರಿಕೆಯ ಹಾಸಿಗೆಗಳನ್ನು ಇಟ್ಟಿತು. ಈಗ ಅಲ್ಲಿ ನೂರಕ್ಕೂ ಹೆಚ್ಚು ಹಾಸಿಗೆಗಳ ಒಂದು ಕಟ್ಟಡವಿದೆ. ಅದಕ್ಕೆ ಆ ನರ್ಸ್ ಬಾರ್ಬರಾ ಮೆಕಿನ್ನಿಸ್ ಅವರದೇ ಹೆಸರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ 2009ರಲ್ಲಿ ಪಾಥ್‌ವೇ ಎಂಬ ತಂಡ ಶುರುವಾಯಿತು. ವಾರ್ಡಿನಲ್ಲಿರುವ ಮನೆಯಿಲ್ಲದ ರೋಗಿಗಳನ್ನು ಒಬ್ಬ ವೈದ್ಯರು, ಒಬ್ಬ ನರ್ಸ್, ಹಿಂದೆ ಬೀದಿಯಲ್ಲಿದ್ದ ಒಬ್ಬ ಸಹಾಯಕರು ಸೇರಿ ನೋಡುತ್ತಾರೆ, ಎಲ್ಲಿಗೆ ಕಳಿಸಬೇಕು ಅನ್ನುವುದನ್ನು ಮೊದಲ ದಿನದಿಂದಲೇ ಹುಡುಕುತ್ತಾರೆ. ಈ ಬಗೆಯ ತಂಡವನ್ನು ಪರೀಕ್ಷಿಸಿದ ಪ್ರಯೋಗದಲ್ಲಿ ಆಸ್ಪತ್ರೆಯ ದಿನಗಳು ಕಡಿಮೆಯಾಗಲಿಲ್ಲ. ಆದರೆ ಮರಳಿ ಬೀದಿಗೆ ಬಿದ್ದವರ ಪ್ರಮಾಣ ಇಳಿಯಿತು. ನನಗೆ ಅದೇ ಮುಖ್ಯವಾದ ಅಳತೆ ಅನ್ನಿಸುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಇದನ್ನೇ ಸಣ್ಣದಾಗಿ ಮಾಡಬಹುದು. ತಂಗುದಾಣವೊಂದರಲ್ಲಿ ಎರಡು ಹಾಸಿಗೆ ಹಗಲೂ ತೆರೆದಿರಲಿ ಅಂತ ಒಪ್ಪಿಸಿ. ಅನೇಕ ತಂಗುದಾಣಗಳು ಬೆಳಗ್ಗೆ ಎಲ್ಲರನ್ನೂ ಹೊರಗೆ ಕಳಿಸುತ್ತವೆ, ಮುರಿದ ಕಾಲಿನವರನ್ನೂ ಸೇರಿಸಿ.

ಟಿಬಿಯನ್ನು ಕಾದು ಕೂರಬೇಡಿ, ಹುಡುಕಿಕೊಂಡು ಹೋಗಿ. ಎರಡು ವಾರದ ಕೆಮ್ಮು ಕೇಳಿದರೆ ಕಫದ ಡಬ್ಬಿ ಅಲ್ಲೇ ಕೊಡಿ. ಲಂಡನ್ನಿನಲ್ಲಿ ಎಕ್ಸ್‌ರೇ ಯಂತ್ರ ಇರುವ ವ್ಯಾನ್ ಒಂದು ತಂಗುದಾಣಗಳ ಬಾಗಿಲಿಗೇ ಹೋಗುತ್ತದೆ, ಆಮೇಲೆ ಆರು ತಿಂಗಳ ಚಿಕಿತ್ಸೆ ಮುಗಿಯುವ ತನಕ ರೋಗಿಯ ಬೆನ್ನಿಗೆ ನಿಲ್ಲುತ್ತದೆ. ಲಸಿಕೆಗೂ ಇದೇ ಮಾತು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 2016ರ ಕೊನೆಯಿಂದ ಹೆಪಟೈಟಿಸ್ ಎ ಹರಡಿ ಸುಮಾರು 590 ಜನರಿಗೆ ಸೋಂಕಾಯಿತು, 20 ಜನ ಸತ್ತರು. ಹೆಚ್ಚಿನವರು ಮನೆಯಿಲ್ಲದವರು ಅಥವಾ ಮಾದಕ ವಸ್ತು ಬಳಸುವವರು. ರಾತ್ರಿ ಹೊತ್ತು ತೆರೆದಿರುವ ಶೌಚಾಲಯ, ಕೈ ತೊಳೆಯುವ ಜಾಗ ಸಾಕಷ್ಟು ಇರಲಿಲ್ಲ. ನರ್ಸ್‌ಗಳು ಬೀದಿಯಲ್ಲಿ ನಡೆದು ಲಸಿಕೆ ಹಾಕಿದರು, ನಗರ ಅಲ್ಲಲ್ಲಿ ಕೈ ತೊಳೆಯುವ ನಲ್ಲಿ ಇಟ್ಟಿತು. ಹಳೆಯ ದಾಖಲೆ ಇಲ್ಲ ಅಂತ ಲಸಿಕೆ ಮುಂದೂಡಬೇಡಿ. ಟಿಟನಸ್, ಹೆಪಟೈಟಿಸ್, ಫ್ಲೂ ಯಾವುದು ಕೈಯಲ್ಲಿದೆಯೋ ಅದನ್ನು ಸಿಕ್ಕ ದಿನವೇ ಹಾಕಿ.

ಹೆಂಗಸರು ನಿಮ್ಮ ಕಣ್ಣಿಗೆ ಕಡಿಮೆ ಬೀಳುತ್ತಾರೆ. ಅವರು ಕಡಿಮೆ ಇದ್ದಾರೆ ಅಂತ ತಿಳಿಯಬೇಡಿ. ರಾತ್ರಿಯಿಡೀ ನಡೆಯುತ್ತಾ, ಬಸ್ಸಿನಲ್ಲಿ ಕೂತು, ಆಸ್ಪತ್ರೆಯ ಹೊರಾಂಗಣದಲ್ಲಿ ರೋಗಿಯ ಕಡೆಯವರ ಹಾಗೆ ಕೂತು ಬೆಳಗು ಮಾಡುತ್ತಾರೆ. ಅವರನ್ನು ಹಗಲು ಹುಡುಕಿ. ನೀವೂ ನರ್ಸೂ ಅವರ ಜೊತೆ ಪ್ರತ್ಯೇಕವಾಗಿ ಮಾತಾಡಲು ಒಂದು ಮರೆಯ ಜಾಗ ಬೇಕು. ಪ್ಯಾಡ್, ಗರ್ಭ ಪರೀಕ್ಷೆಯ ಕಡ್ಡಿ ಕೇಳದೆಯೇ ಕೊಡಿ. ಬಲಾತ್ಕಾರವಾಗಿದ್ದರೆ ಗಂಟೆಗಳ ಲೆಕ್ಕ ಮುಖ್ಯ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ತುರ್ತು ಗರ್ಭನಿರೋಧಕ ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು. ಪೊಲೀಸ್ ದೂರು ಕೊಡುವುದು ಬಿಡುವುದು ಅವರ ತೀರ್ಮಾನ. ಔಷಧಿಗೆ ಅದನ್ನು ಷರತ್ತು ಮಾಡಬೇಡಿ.

ಬೇಡ ಅಂದವರ ವಿಷಯ. ನಿಜಕ್ಕೂ ಕೆಲವರು ಬೇಡ ಅಂತಾರೆ. ಅವರಿಗೆ ಪರಿಸ್ಥಿತಿ ಅರ್ಥವಾಗಿದೆಯಾ, ಬಿಟ್ಟರೆ ಏನಾಗುತ್ತದೆ ಅಂತ ತಮ್ಮ ಮಾತಿನಲ್ಲಿ ಹೇಳಬಲ್ಲರಾ ಅಂತ ನೋಡಿ. ಹೇಳಬಲ್ಲರಾದರೆ ಅದು ಅವರ ಹಕ್ಕು. ಮುಂದಿನ ವಾರ ಮತ್ತೆ ಹೋಗಿ ಮಾತಾಡಿಸಿ, ಸಾಕ್ಸು ಕೊಟ್ಟು ಬನ್ನಿ. ಸ್ಕಿಜೋಫ್ರೇನಿಯಾ ಇರುವವರಿಗೆ ದಿನದ ಮಾತ್ರೆ ಕಷ್ಟ, ತಿಂಗಳಿಗೊಂದು ಇಂಜೆಕ್ಷನ್ ಎಷ್ಟೋ ಜನರ ಬದುಕನ್ನು ಬದಲಿಸಿದೆ. ಆದರೆ ಇಂಜೆಕ್ಷನ್ನಿಗೆ ಒಪ್ಪಿಗೆ ಸಿಗಲು ಆರು ತಿಂಗಳು ಬೇಕಾಗಬಹುದು. ಆ ಆರು ತಿಂಗಳು ಚಿಕಿತ್ಸೆಯ ಭಾಗವೇ. ಗೊಂದಲ, ಜ್ವರ, ವೇಗವಾಗಿ ಹರಡುವ ಕೆಂಪು, ಗಾಯ ನೋಡಿದರೆ ಸಣ್ಣದು ಆದರೆ ಸಹಿಸಲಾಗದ ನೋವು, ತಲೆಗೆ ಪೆಟ್ಟಾದ ಮೇಲೆ ಮಂಪರು, ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯುವ ಮಾತಿಲ್ಲ. ಆಂಬ್ಯುಲೆನ್ಸ್ ಕರೆದು ನೀವೂ ಜೊತೆಗೆ ಹೋಗಿ. ಕಾಯಿಲೆಯಿಂದಲೇ ಬುದ್ಧಿ ಮಂಕಾಗಿ ಬೇಡ ಅನ್ನುತ್ತಿದ್ದರೆ ಕಾನೂನು ಏನು ಹೇಳುತ್ತದೆ, ಯಾವ ಮನೋವೈದ್ಯರನ್ನು ಕರೆಯಬೇಕು ಅನ್ನುವುದನ್ನು ಬೀದಿಗಿಳಿಯುವ ಮೊದಲೇ ತಿಳಿದಿಟ್ಟುಕೊಳ್ಳಿ.

ಕೊನೆಗೆ ಆ ಹಿರಿಯರ ಪ್ರಶ್ನೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಬಾಸ್ಟನ್‌ನಲ್ಲಿ 2000ರಿಂದ 2009ರವರೆಗೆ ನಡೆದ ಅಧ್ಯಯನದಲ್ಲಿ ಬೀದಿಯಲ್ಲೇ ಮಲಗುವವರ ಸಾವಿನ ಪ್ರಮಾಣ ಸಾಮಾನ್ಯ ಜನರಿಗಿಂತ ಸುಮಾರು ಹತ್ತು ಪಟ್ಟು ಇತ್ತು. ತಂಗುದಾಣದಲ್ಲಿ ಮಲಗುವವರಿಗೆ ಹೋಲಿಸಿದರೂ ಸುಮಾರು ಮೂರು ಪಟ್ಟು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸರ್ಕಾರಿ ಅಂಕಿಅಂಶದಲ್ಲಿ ಮನೆಯಿಲ್ಲದವರು ಸಾಯುವ ಸರಾಸರಿ ವಯಸ್ಸು 45ರ ಆಸುಪಾಸು ಇತ್ತು. ಬರೀ ಔಷಧಿಯಿಂದ ಈ ಅಂತರ ಮುಚ್ಚುವುದಿಲ್ಲ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಮನೋರೋಗ ಇರುವವರಿಗೆ ಮೊದಲು ಮನೆ ಕೊಟ್ಟು, ಕುಡಿತ ಬಿಡಬೇಕು, ಮಾತ್ರೆ ತಗೊಳ್ಳಬೇಕು ಅನ್ನುವ ಷರತ್ತೆಲ್ಲ ತೆಗೆದರು. ಹೆಚ್ಚಿನವರು ಮನೆಯಲ್ಲೇ ಉಳಿದರು. ಆಮೇಲೆ ಕೆನಡಾದ ಐದು ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರೊಂದಿಗೆ ನಡೆದ ದೊಡ್ಡ ಪ್ರಯೋಗದಲ್ಲೂ ಇದೇ ಕಂಡಿತು. ಆದರೆ ಆ ಪ್ರಯೋಗದಲ್ಲಿ ಮನೆ ಸಿಕ್ಕವರ ಆರೋಗ್ಯ, ಸಿಗದವರಿಗಿಂತ ತಾನಾಗಿಯೇ ಬಹಳ ಸುಧಾರಿಸಲಿಲ್ಲ ಅನ್ನುವುದೂ ನಿಜ. ಮನೆ ಬೇಕು, ಔಷಧಿಯೂ ಬೇಕು. ಒಂದು ಬರುವ ತನಕ ಇನ್ನೊಂದನ್ನು ತಡೆಹಿಡಿಯುವುದು ಅನ್ಯಾಯ.

ಮನೆಯ ವಿಷಯದಲ್ಲಿ ವೈದ್ಯರ ಕೈಯಲ್ಲಿ ಏನೂ ಇಲ್ಲ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ನಿಮ್ಮ ಲೆಟರ್‌ಹೆಡ್ಡಿಗೆ ಬೆಲೆ ಇದೆ. ತಂಗುದಾಣಕ್ಕೆ, ವಸತಿ ಕಚೇರಿಗೆ, ಪಿಂಚಣಿ ಕಚೇರಿಗೆ ಪತ್ರ ಬರೆದುಕೊಡಿ. ಅದರಲ್ಲಿ "ಮಧುಮೇಹ, ಕಾಲಿನ ಹುಣ್ಣು" ಅಂತಷ್ಟೇ ಬರೆದರೆ ಕಡತದಲ್ಲಿ ಬಿದ್ದಿರುತ್ತದೆ. ಇವರಿಗೆ ರಾತ್ರಿ ಕಾಲು ಚಾಚಿ ಮಲಗುವ ಜಾಗ, ಹತ್ತಿರದಲ್ಲಿ ಶೌಚಾಲಯ, ಇನ್ಸುಲಿನ್ ಇಡಲು ತಂಪಾದ ಕಪಾಟು ಬೇಕು, ಇವು ಸಿಗದಿದ್ದರೆ ಕಾಲು ಕತ್ತರಿಸಬೇಕಾಗಬಹುದು ಅಂತ ಬಿಡಿಸಿ ಬರೆಯಿರಿ. ದಿನಾಂಕ ಹಾಕಿ, ನಿಮ್ಮ ಫೋನ್ ನಂಬರ್ ಹಾಕಿ. ರೋಗಿಗೆ ಒಂದು ಪ್ರತಿಯನ್ನು ನೀರು ತಾಗದ ಕವರಿನಲ್ಲಿ ಕೊಡಿ, ಇನ್ನೊಂದನ್ನು ನೀವು ಇಟ್ಟುಕೊಳ್ಳಿ. ಅವರ ಚೀಲ ಕಳೆದುಹೋದಾಗ ಮತ್ತೆ ಕೊಡಲು ಅದು ಬೇಕಾಗುತ್ತದೆ.